ಬಿಟ್ಟ ಸ್ಥಳದಲ್ಲಿ ಕೂರದ ಪಿನ್ನು

ನಮ್ಮ ಪತ್ರಿಕೆಯ ಪೀಣ್ಯ ಕಚೇರಿಯಲ್ಲಿದ್ದ ಸುದ್ದಿ ವಿಭಾಗವನ್ನು ಮುಚ್ಚುತ್ತಾರೆ ಎಂಬುದು ಆ ವರ್ಷದ ನವೆಂಬರ್‌ನಲ್ಲಿ ಖಚಿತವಾಯಿತು. ಮುದ್ರಣ ಯಂತ್ರ ಅಲ್ಲೇ ಇರುತ್ತದೆ, ಮೇಜುಗಳು ಇರುವುದಿಲ್ಲ ಎಂದು ಹೇಳಿದರು. ನಾವು ಆರು ಮಂದಿ ಉಪಸಂಪಾದಕರಿದ್ದೆವು. ಮಾರ್ಚ್‌ವರೆಗೆ ಕೆಲಸ ಇತ್ತು. ನನಗೆ ಆಗ ನಲವತ್ತಾರು. ಇಪ್ಪತ್ತೆರಡು ವರ್ಷ ನಾನು ಮಾಡಿದ್ದು ಇಷ್ಟೇ: ಸುದ್ದಿಸಂಸ್ಥೆಗಳು ಇಂಗ್ಲಿಷಿನಲ್ಲಿ ಕಳಿಸಿದ್ದನ್ನು ಕನ್ನಡಕ್ಕೆ ತರುವುದು, ವರದಿಗಾರರು ಕನ್ನಡದಲ್ಲಿ ಕಳಿಸಿದ್ದನ್ನು ತಿದ್ದುವುದು, ತಲೆಬರಹ ಕೊಡುವುದು.

ಡಿಸೆಂಬರ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿ ಸಂದರ್ಶನಕ್ಕೆ ಕರೆಯಿತು. ಯಂತ್ರ ಮಾಡಿದ ಕನ್ನಡ ಅನುವಾದವನ್ನು ಇಂಗ್ಲಿಷ್ ಮೂಲದ ಪಕ್ಕದಲ್ಲಿಟ್ಟು ತಿದ್ದುವ ಕೆಲಸ. ವಾರಕ್ಕೆ ಒಂದು ದಿನ ಅಷ್ಟು ದೂರ ಹೋಗಬೇಕು, ಉಳಿದ ದಿನ ಮನೆಯಿಂದಲೇ ಮಾಡಬಹುದು. ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಕೊನೆಯಲ್ಲಿ ಅಲ್ಲಿದ್ದ ಹುಡುಗಿ, "ಮೇಡಂ, ಒಂದು ಇಂಗ್ಲಿಷ್ ಟೆಸ್ಟ್ ಸ್ಕೋರ್ ಬೇಕಾಗತ್ತೆ. ಎಲ್ಲರಿಗೂ ಒಂದೇ ರೂಲು. ನಿಮಗೆ ಅದೇನ್ ಕಷ್ಟ ಆಗಲ್ಲ ಬಿಡಿ," ಎಂದಳು.

ನನಗೂ ಹಾಗೇ ಅನ್ನಿಸಿತ್ತು. ಪರೀಕ್ಷೆಯಲ್ಲಿ ನಾಲ್ಕು ಭಾಗ, ಪ್ರತಿಯೊಂದರಲ್ಲೂ ನೂರಕ್ಕೆ ಎಪ್ಪತ್ತು ಬರಬೇಕು. ಮೂರು ಭಾಗಗಳಲ್ಲಿ ಎಂಬತ್ತರ ಮೇಲೆ ಬಂತು. ನಾಲ್ಕನೆಯದರಲ್ಲಿ ಐವತ್ತೆಂಟು. ಅದು ಏನು ದೊಡ್ಡ ವಿಷಯವೂ ಅಲ್ಲ. ಒಂದು ವಾಕ್ಯ ಕೊಟ್ಟು ನಡುವೆ ಒಂದು ಪದ ಬಿಟ್ಟಿರುತ್ತಾರೆ, ಕೆಳಗೆ ನಾಲ್ಕು ಪದ ಇರುತ್ತವೆ, ಒಂದನ್ನು ಆರಿಸಬೇಕು. ಪ್ರಾಥಮಿಕ ಶಾಲೆಯಲ್ಲಿ 'ಬಿಟ್ಟ ಸ್ಥಳ ತುಂಬಿರಿ' ಎಂದು ಕೊಡುತ್ತಿದ್ದರಲ್ಲ, ಅದೇ. ಆ ನಾಲ್ಕು ಪದಗಳ ಅರ್ಥವೂ ನನಗೆ ಗೊತ್ತಿತ್ತು. ಗೊತ್ತಿಲ್ಲದ ಪದ ಇಡೀ ಪರೀಕ್ಷೆಯಲ್ಲಿ ಎರಡೋ ಮೂರೋ ಇದ್ದಿರಬೇಕು. ಅರ್ಥ ಗೊತ್ತಿದ್ದೂ ಹೇಗೆ ತಪ್ಪಿತು ಎಂಬುದು ತಿಳಿಯಲಿಲ್ಲ.

ಇನ್ನೊಂದು ಬಾರಿ ಬರೆಯಲು ಅವಕಾಶವಿತ್ತು, ಫೆಬ್ರವರಿ ಕೊನೆಯೊಳಗೆ. ಅದರಲ್ಲೂ ಆಗದಿದ್ದರೆ ಪಟ್ಟಿಯಲ್ಲಿ ನಿಮ್ಮ ನಂತರ ಇರುವವರನ್ನು ಕರೆಯುತ್ತೇವೆ ಎಂದು ಕಂಪನಿಯವರು ಮರ್ಯಾದೆಯಿಂದಲೇ ಬರೆದಿದ್ದರು. ಕನ್ನಡ ತಿದ್ದುವ ಕೆಲಸ ಊರಲ್ಲಿ ಬೇರೆಲ್ಲೂ ಖಾಲಿ ಇರಲಿಲ್ಲ. ವಿಚಾರಿಸಿದ್ದೆ.

ನಾವು ಆಗ ಮಾಕಳಿಯಲ್ಲಿ ಬಾಡಿಗೆಗಿದ್ದೆವು. ನನ್ನ ಗಂಡ ದಾಬಸ್‌ಪೇಟೆಯ ಕಡೆ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು, ಬೆಳಿಗ್ಗೆ ಏಳಕ್ಕೆ ಹೊರಟುಬಿಡುವರು. ನನ್ನ ಪಾಳಿ ಶುರುವಾಗುತ್ತಿದ್ದುದು ಮಧ್ಯಾಹ್ನ ಮೂರಕ್ಕೆ. ಹಾಗಾಗಿ ಓದಲು ಇದ್ದದ್ದು ಬೆಳಗಿನ ಹೊತ್ತು. ಝೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕಿಸಿದ ಅಭ್ಯಾಸದ ಪುಸ್ತಕವೊಂದನ್ನು ತಂದೆ. ಸಾವಿರದಷ್ಟು ವಾಕ್ಯಗಳು, ಕೊನೆಯಲ್ಲಿ ಉತ್ತರಗಳ ಹನ್ನೆರಡು ಪುಟ. ಮೂರನೇ ದಿನಕ್ಕೆ ನಾನು ಮೊದಲು ಉತ್ತರ ನೋಡಿ, ಆಮೇಲೆ 'ಹೌದು, ನಾನೂ ಇದನ್ನೇ ಹೇಳುತ್ತಿದ್ದೆ' ಎಂದುಕೊಳ್ಳುತ್ತಿದ್ದೇನೆ ಎಂಬುದು ಗಮನಕ್ಕೆ ಬಂತು. ಆ ಹನ್ನೆರಡು ಪುಟಗಳನ್ನು ಹರಿದು, ಕೆಳಗಿಳಿದು, ಮನೆಯ ಮಾಲೀಕರ ಕೈಗೆ ಕೊಟ್ಟೆ.

ನಾನು ಯಜಮಾನರು ಎಂದು ಕರೆಯುತ್ತಿದ್ದ ಅವರು ಮಾಕಳಿಯವರೇ. ಅವರಪ್ಪನ ರಾಗಿ ಹೊಲ ಒಂದು ಕಾರ್ಖಾನೆಗೆ ಹೋಗಿ, ಅದಕ್ಕೆ ಬದಲಾಗಿ ಮಗನಿಗೆ ಅದೇ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಮೂವತ್ತೊಂದು ವರ್ಷ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತರಾಗಿದ್ದರು. ಯಂತ್ರದಿಂದ ಬಂದ ಬಿಡಿಭಾಗಗಳನ್ನು ಅಳೆದು, ಸರಿಯಿದ್ದರೆ ಪಾಸ್, ಇಲ್ಲದಿದ್ದರೆ ರಿಜೆಕ್ಟ್ ಎಂದು ಬರೆಯುವ ಕೆಲಸ. ಉಳಿದಿದ್ದ ಜಾಗದಲ್ಲಿ ನಾಲ್ಕು ಮನೆ ಕಟ್ಟಿಸಿ ಮೂರನ್ನು ಬಾಡಿಗೆಗೆ ಕೊಟ್ಟಿದ್ದರು. ಬೆಳಿಗ್ಗೆ ಹತ್ತರ ಬಿಸಿಲಿಗೆ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ನೆಲದಡಿಯ ತೊಟ್ಟಿಗೆ ನೀರು ಬಿಡುವವರೆಗೆ ಕೂತಿರುತ್ತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ನೆನೆಸಿದ ಅವರೆಕಾಳನ್ನು ಹಿಸುಕಿ ಸಿಪ್ಪೆ ತೆಗೆಯುತ್ತಿರುವರು.

"ನಂಗೆ ಇಂಗ್ಲೀಸ್ ಬರಕ್ಕಿಲ್ಲ ಮೇಡಮ್ಮ," ಎಂದರು ಯಜಮಾನರು, ಪುಟಗಳನ್ನು ತಿರುವುತ್ತ.

"ಬರಬೇಕಾಗಿಲ್ಲ ಯಜಮಾನ್ರೇ. ನಂಬರ್ ಪಕ್ಕ ಎ, ಬಿ, ಸಿ, ಡಿ ಇದೆ. ನಾನು ಹೇಳಿದ್ದು ಅದೇನಾ ಅಂತ ನೋಡಿದ್ರೆ ಸಾಕು."

"ಅಷ್ಟೇನಾ. ಅಂಗಾದ್ರೆ ಇದು ನಮ್ ಕೆಲ್ಸಾನೇ."

ಒಳಗೆ ಹೋಗಿ ಒಂದು ಪ್ಯಾಡ್ ತಂದರು. ಕಾರ್ಖಾನೆಯ ತಪಾಸಣೆ ಹಾಳೆಗಳು. ನಿವೃತ್ತಿಯಾಗುವಾಗ ಹಳೆಯ ನಮೂನೆ ಎಂದು ಎಸೆಯಲಿದ್ದುದನ್ನು ಮನೆಗೆ ತಂದಿದ್ದರಂತೆ. ಕ್ರಮಸಂಖ್ಯೆ, ಅಳತೆ, ಪಾಸ್ ಅಥವಾ ರಿಜೆಕ್ಟ್, ಕಾರಣ. ಕೆಳಗೆ ಇನ್‌ಸ್ಪೆಕ್ಟರ್ ಸಹಿಗೆ ಜಾಗ.

"ಕಾರಣ ಬೇಡ, ಬರೀ ಸರಿ ತಪ್ಪು ಸಾಕು," ಎಂದೆ.

"ಕಾರಣ ಬರೀದೆ ರಿಜೆಕ್ಟ್ ಮಾಡಂಗಿಲ್ಲ. ಯೂನಿಯನ್ನೋರು ಬತ್ತಾರೆ," ಎಂದರು. ಅವರ ಹೆಂಡತಿ ತಲೆ ಎತ್ತದೆ, "ಇವ್ರು ನನ್ ಸಾರ್ಗೂ ಕಾರಣ ಬರೀತಿದ್ರು ಕಣಮ್ಮ," ಎಂದರು.

ಹೀಗಾಗಿ ಪ್ರತಿ ತಪ್ಪಿಗೂ ನಾನು ಕನ್ನಡದಲ್ಲಿ ವಿವರಣೆ ಕೊಡಬೇಕಾಯಿತು. ವಾಕ್ಯ ಏನು, ನಾನು ಹಾಕಿದ ಪದದ ಅರ್ಥವೇನು, ಸರಿಯಾದ ಪದದ ಅರ್ಥವೇನು. ಅವರು ಕೇಳಿಸಿಕೊಂಡು ಕಾರಣದ ಮನೆಯಲ್ಲಿ ಏನೋ ಗುರುತು ಹಾಕುವರು. ಏನು ಗುರುತು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಒಂದು ವಾಕ್ಯ ನೆನಪಿದೆ. ಪ್ರಾಮಾಣಿಕತೆಗೆ ಹೆಸರಾದ ಅಧಿಕಾರಿಯೊಬ್ಬರು ಮೇಜಿನ ಮೇಲೆ ಯಾರೋ ಇಟ್ಟುಹೋದ ಉಡುಗೊರೆಯನ್ನು ಕಂಡು ಏನಾದರು ಎಂಬುದು ಬಿಟ್ಟ ಸ್ಥಳ. ನಾನು 'ಸರ್‌ಪ್ರೈಸ್ಡ್' ಎಂದೆ, ಆಶ್ಚರ್ಯಪಟ್ಟರು. ಉತ್ತರ 'ಇಂಡಿಗ್ನಂಟ್', ಕೆರಳಿದರು.

"ಆಫೀಸರು ಉಡುಗೊರೆ ನೋಡಿ ಸಿಟ್ಟಾದ್ನಾ? ಯಾವ್ ತಾಲೂಕು ಆಪೀಸಮ್ಮ ಅದು?" ಎಂದರು ಯಜಮಾನರು.

"ಅದು ಪುಸ್ತಕದ ಆಫೀಸರು."

"ಅದ್ಸರಿ. ನೀನ್ಯಾಕೆ ಆಶ್ಚರ್ಯ ಅಂದೆ?"

"ಆಶ್ಚರ್ಯ ಪಟ್ಟಿರಬಹುದಲ್ವಾ. ಸಿಟ್ಟಾದ್ರು ಅಂತ ನಮಗೆ ಹೇಗೆ ಗೊತ್ತಾಗತ್ತೆ? ಅವರು ಹೇಳಿಲ್ಲ, ಪಕ್ಕದಲ್ಲಿದ್ದವರೂ ಹೇಳಿಲ್ಲ."

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ ಗುರುತು ಹಾಕಿಕೊಂಡರು.

ನಾನು ಹೇಳಿದ್ದು ತಮಾಷೆಗಲ್ಲ. ಸುದ್ದಿಮನೆಯಲ್ಲಿ ಖಾಲಿ ಜಾಗ ಕಂಡರೆ ನಾವು ತುಂಬುವುದಿಲ್ಲ. ವರದಿಗಾರ ಮೃತನ ವಯಸ್ಸು ಬಿಟ್ಟಿದ್ದರೆ ಫೋನ್ ಮಾಡಿ ಕೇಳುತ್ತೇವೆ. ಫೋನ್ ಎತ್ತದಿದ್ದರೆ ಆ ವಾಕ್ಯವನ್ನು ವಯಸ್ಸೇ ಬೇಡವಾಗುವ ಹಾಗೆ ತಿರುಗಿಸಿ ಬರೆಯುತ್ತೇವೆ. ಅಂದಾಜಿನಲ್ಲಿ ತುಂಬಿದವರು ಮೇಜಿನಲ್ಲಿ ಬಹಳ ದಿನ ಉಳಿಯುವುದಿಲ್ಲ. ಈ ಪುಸ್ತಕದಲ್ಲಿ ಸಾವಿರ ಖಾಲಿ ಜಾಗಗಳಿದ್ದವು, ಫೋನ್ ಮಾಡಲು ಯಾರೂ ಇರಲಿಲ್ಲ. ಆದರೆ ಅದೇ ನನ್ನ ತಪ್ಪಿಗೆ ಕಾರಣ ಎಂದು ಹೇಳುವಷ್ಟು ಖಚಿತವಾಗಿ ನನಗೆ ಆಗ ಏನೂ ಗೊತ್ತಿರಲಿಲ್ಲ. ಪರೀಕ್ಷೆಯಲ್ಲಿರುವಂತೆ ದಿನಕ್ಕೆ ನಲವತ್ತು ವಾಕ್ಯ ಮಾಡುತ್ತಿದ್ದೆ. ಕೆಲವು ದಿನ ಮೂವತ್ತು ಸರಿ ಬರುತ್ತಿದ್ದವು, ಕೆಲವು ದಿನ ಹದಿನೆಂಟು. ಏನು ಮಾಡಿದ ದಿನ ಸರಿ ಬಂತು, ಏನು ಮಾಡದ ದಿನ ಹೋಯಿತು ಎಂದು ಡೈರಿಯಲ್ಲಿ ಬರೆದಿಟ್ಟೆ. ಚಹಾ ಕುಡಿದಿದ್ದು, ಬೇಗ ಎದ್ದಿದ್ದು, ಪದಕೋಶ ನೋಡಿದ್ದು. ಯಾವುದಕ್ಕೂ ಯಾವುದೂ ಹೊಂದಲಿಲ್ಲ.

ಹತ್ತು ದಿನವಾದ ಮೇಲೆ ಯಜಮಾನರು ಹಾಳೆಗಳನ್ನೆಲ್ಲ ಮೊಣಕಾಲ ಮೇಲೆ ಹರಡಿಕೊಂಡು ಕೂತಿದ್ದರು.

"ಬಾರವ್ವ, ಕೂತ್ಕೋ. ಇವತ್ತು ಓದ್ಬ್ಯಾಡ. ಇಲ್ಲಿ ನೋಡು, ರಿಜೆಕ್ಟಾಗಿರಾದು ನೂರಾ ಅರವತ್ತೆಲ್ಡು. ಅದ್ರಾಗೆ ನೀನು ಸಣ್ಣ ಪದ ಆಕಿರಾದು ನೂರಾ ನಲವತ್ತಾರು. ದೊಡ್ಡ ಪದ ಆಕಿರಾದು ಒಂಬತ್ತು. ಮಿಕ್ಕಿದ್ದು ನಂಗೆ ತಿಳೀಲಿಲ್ಲ."

"ಸಣ್ಣ ಪದ ಅಂದ್ರೆ?"

"ಅವ್ರು ಕೇಳಿರಾದಕ್ಕಿಂತ ಮೆತ್ತಗಿರಾದು. ಸಿಟ್ಟು ಅನ್ನಾ ಕಡೆ ಆಶ್ಚರ್ಯ. ಕದ್ದ ಅನ್ನಾ ಕಡೆ ತಗಂಡ. ಎಲ್ಲಾ ಅಂಡರ್‌ಸೈಜು."

ನಾನು ಹಾಳೆಗಳನ್ನು ತೆಗೆದುಕೊಂಡು ನೋಡಿದೆ. ಕಾರಣದ ಮನೆಯಲ್ಲಿ ಅವರು ಎರಡೇ ಗುರುತು ಬಳಸಿದ್ದರು: ಮೇಲಕ್ಕೆ ಒಂದು ಗೀಟು, ಕೆಳಕ್ಕೆ ಒಂದು ಗೀಟು. ಪುಟದ ತುಂಬ ಕೆಳಗಿನ ಗೀಟುಗಳೇ. ಕೆಲವನ್ನು ಪುಸ್ತಕದೊಂದಿಗೆ ಹೋಲಿಸಿದೆ. ಅವರು ಹೇಳಿದ್ದು ಸರಿಯಿತ್ತು.

"ಎಲ್ಡೂ ಕಡೆ ತಪ್ಪಾದ್ರೆ ಕೆಲ್ಸಗಾರನ ಕೈ ಸರಿಯಿಲ್ಲ ಅಂತ," ಎಂದರು. "ಒಂದೇ ಕಡೆಗೆ ತಪ್ಪಾಯ್ತಾ ಇದ್ರೆ ಕೈ ಸರಿಯಾಗೇ ಅದೆ, ಮಿಷಿನ್ ಸೆಟ್ಟಿಂಗು ತಪ್ಪು ಅದೆ. ಅವನನ್ನ ಬೈದು ಏನೂ ಉಪ್ಯೋಗಿಲ್ಲ."

"ಮೆತ್ತಗಿರೋ ಪದ ಹಾಕಿದ್ರೆ ಏನು ತಪ್ಪು? ವಾಕ್ಯ ಸುಳ್ಳಾಗಲ್ವಲ್ಲ."

ಅವರು ಹೆಂಡತಿಯ ಕಡೆ ತಿರುಗಿ, "ಆ ಬಿಸ್ಕತ್ ಡಬ್ಬಿ ತಕಂಬಾ," ಎಂದರು. ಹೆಂಡತಿ, "ಕೈಯಾಗೆ ಅವರೆ ಅಂಟ್ಕಂಡದೆ, ನೀವೇ ಎದ್ದೋಗಿ," ಎಂದರು. ಯಜಮಾನರು ಎದ್ದು ಹೋಗಿ ತಂದರು. ತಗಡಿನ ಡಬ್ಬಿಯಲ್ಲಿ ರಿಜೆಕ್ಟ್ ಆದ ಬಿಡಿಭಾಗಗಳು. ಬುಷ್ ಎಂಬ ಕಬ್ಬಿಣದ ಪುಟ್ಟ ಕೊಳವೆಗಳು, ಅದರೊಳಗೆ ಹೋಗಬೇಕಾದ ಪಿನ್ನುಗಳು. ಒಂದು ತೆಳ್ಳನೆಯ ಪಿನ್ನನ್ನು ಆರಿಸಿ ನನ್ನ ಕೈಗೆ ಕೊಟ್ಟು, ಒಂದೊಂದೇ ಬುಷ್‌ಗೆ ಹಾಕಲು ಹೇಳಿದರು. ಹಾಕಿದೆ. ಎಲ್ಲದರೊಳಗೂ ಹೋಯಿತು. ಎಲ್ಲದರ ಕೆಳಗಿನಿಂದಲೂ ಬಿದ್ದುಹೋಯಿತು.

"ನೋಡ್ದಾ. ಎಲ್ಲಾಕೂ ಓಗ್ತದೆ, ಯಾವ್ದ್ರಾಗೂ ಕೂರಲ್ಲ. ಓಯ್ತು ಅಂತ ನಾನು ಪಾಸ್ ಮಾಡಿದ್ರೆ ಲಾರಿ ಚಕ್ರ ಕಳ್ಚ್ಕಂಡು ಓಗ್ತದೆ."

ಆ ದಿನ ಮಧ್ಯಾಹ್ನ ಕಚೇರಿಗೆ ಹೋಗುವಾಗ ಬಸ್ಸಿನಲ್ಲಿ ಆ ಪಿನ್ನು ನನ್ನ ಕೈಚೀಲದಲ್ಲಿತ್ತು. ಅವರೇ ಇಟ್ಟುಕೋ ಎಂದಿದ್ದರು.

ಪರೀಕ್ಷೆ ಕೇಳುತ್ತಿರುವುದು 'ಯಾವುದು ಸುಳ್ಳಲ್ಲ' ಎಂದಲ್ಲ, 'ಯಾವುದು ಇಲ್ಲಿಗೆ ಮಾತ್ರ' ಎಂದು. ಇಷ್ಟು ಅರ್ಥವಾಯಿತು. ಇದನ್ನು ತಿಳಿದ ಮೇಲೆ ಸರಿಯಾಗಬೇಕಿತ್ತು. ಆಗಲಿಲ್ಲ. ಮಾರನೆಯ ದಿನ ಎಲ್ಲಕ್ಕೂ ದೊಡ್ಡ ಪದ ಹಾಕಿದೆ. ಮಳೆ ನಿಂತು ಕ್ರಿಕೆಟ್ ಆಟ ಮತ್ತೆ ಶುರುವಾದಾಗ ಪ್ರೇಕ್ಷಕರು ಹುಚ್ಚೆದ್ದರು ಎಂದೆ. ಪುಸ್ತಕದವರಿಗೆ ಬೇಕಾಗಿದ್ದದ್ದು ಅವರು ನೆಮ್ಮದಿಯ ನಿಟ್ಟುಸಿರುಬಿಟ್ಟರು ಎಂದಷ್ಟೇ. ಹಾಳೆಯಲ್ಲಿ ಮೇಲಿನ ಗೀಟುಗಳು ಎದ್ದವು.

"ಸೆಟ್ಟಿಂಗ್ ಒಂದ್ ನೂಲು ತಿರುಗ್ಸು ಅಂದ್ರೆ ನೀನು ಪೂರ್ತಿ ತಿರುಗ್ಸ್‌ಬಿಟ್ಟೆ," ಎಂದರು ಯಜಮಾನರು.

"ನಮ್ ಮನೇಲಿ ಉಪ್ಪು ಇಂಗೇ ಆಯ್ತದೆ," ಎಂದರು ಅವರ ಹೆಂಡತಿ. "ಇವ್ರು ಸಪ್ಪೆ ಅಂದ್ ಮಾರ್ನೇ ದಿನ ಯಾರ್ ಕೈಲೂ ಉಣ್ಣಕ್ಕಾಗಲ್ಲ."

ಜನವರಿ ಕೊನೆಯ ಹೊತ್ತಿಗೆ ನಲವತ್ತಕ್ಕೆ ಇಪ್ಪತ್ತೇಳು, ಇಪ್ಪತ್ತೆಂಟರಲ್ಲಿ ನಿಂತೆ. ಎಪ್ಪತ್ತು ಬರಲು ಇಪ್ಪತ್ತೆಂಟು ಬೇಕು. ದಾರದ ಮೇಲೆ ನಿಂತ ಹಾಗಿತ್ತು. ಅದೇ ವಾರದಲ್ಲಿ ಈ ವಾಕ್ಯ ಬಂತು: ಕಾರ್ಖಾನೆಯಲ್ಲಿ ನಡೆದ ಅಪಘಾತಕ್ಕೆ ವ್ಯವಸ್ಥಾಪಕರು ತೋರಿದ ಇಂಥ ಪ್ರತಿಕ್ರಿಯೆ ಕಾರ್ಮಿಕರನ್ನು ರೊಚ್ಚಿಗೆಬ್ಬಿಸಿತು. ಇಂಥ ಎಂಬಲ್ಲಿ ಖಾಲಿ. ನಾಲ್ಕು ಪದಗಳಲ್ಲಿ 'ಬ್ರೀಫ್' ಇತ್ತು, ಚುಟುಕಾದ. 'ಕ್ಯಾಲಸ್' ಇತ್ತು, ಕಲ್ಲೆದೆಯ. ಕ್ಯಾಲಸ್ ಎಂದೇ ಹೇಳಬೇಕು ಎಂದು ನನಗೆ ಗೊತ್ತಿತ್ತು. ರೊಚ್ಚಿಗೆಬ್ಬಿಸಿತು ಎಂದು ವಾಕ್ಯವೇ ಹೇಳುತ್ತಿತ್ತು. ಆದರೂ ಬಾಯಿಗೆ ಬಂದದ್ದು ಬ್ರೀಫ್.

ಯಜಮಾನರು ಅರ್ಥ ಕೇಳಿದರು. ಹೇಳಿದೆ. ಗೀಟು ಹಾಕಲಿಲ್ಲ. ಪೆನ್ನನ್ನು ಹಾಳೆಯ ಮೇಲೆ ಅಡ್ಡ ಇಟ್ಟರು.

"ನಮ್ ಪ್ರೆಸ್ ಶಾಪ್ನಾಗೆ, ತಗಡು ಒತ್ತಾ ಕಡೆ, ಒಬ್ಬನ ಕೈ ಬೆಳ್ಳು ಓಯ್ತು," ಎಂದರು. "ನಾಕ್ ಬೆಳ್ಳು. ಪ್ರೆಸ್ಸಿಗೆ ಮುಂದ್ಗಡೆ ಒಂದು ಜಾಲರಿ ಇರ್ತದೆ, ಗಾರ್ಡು. ಅದಿದ್ರೆ ಕೈ ಒಳೀಕೆ ಓಗಾಂಗೇ ಇಲ್ಲ. ಮಾಲು ಬೇಗ ಬೇಗ ಬರ್ಲಿ ಅಂತ ಅದನ್ನ ಬಿಚ್ಚಿಸ್ಬಿಟ್ಟಿದ್ರು. ಬಿಚ್ಚವ್ರೆ ಅಂತ ನಾನೇ ಎಲ್ಡು ಕಿತ ಬರ್ಕೊಟ್ಟಿದ್ದೆ. ಮಾರ್ನೇ ದಿನ ಪೇಪರ್ನಾಗೆ ಬಂತು, ಇಷ್ಟೇ ಇಷ್ಟು. ಯಂತ್ರಕ್ಕೆ ಕೈ ಸಿಲುಕಿ ಕಾರ್ಮಿಕನಿಗೆ ಗಾಯ ಅಂತ."

ನಾನು ಪುಸ್ತಕ ಮುಚ್ಚಿದೆ.

"ಕೈಯೇ ನಡ್ಕಂಡೋಗಿ ಸಿಕ್ಕಾಕ್ಕಂತಂತೆ," ಎಂದು ಅವರು ನಕ್ಕರು. ಸಿಟ್ಟಿನಿಂದಲ್ಲ. ನಗುವೇ ಬಂದಿತ್ತು.

"ಯಾವ ಪೇಪರ್ ಯಜಮಾನ್ರೇ?"

"ಕ್ಯಾಂಟೀನ್ಗೆ ಬತ್ತಿದ್ದುದು. ನಿಮ್ದೇ ಇರ್ಬೇಕು."

"ಯಾವ ವರ್ಷ?"

"ಮಗಳ ಮದ್ವೆ ಆಗಿತ್ತಾ?" ಎಂದು ಹೆಂಡತಿಯನ್ನು ಕೇಳಿದರು. ಅವರು, "ಆಗಿತ್ತು. ಮೊಮ್ಮಗ ಉಟ್ಟಿರ್ಲಿಲ್ಲ," ಎಂದರು.

ಮೊಮ್ಮಗನ ವಯಸ್ಸಿನಿಂದ ಲೆಕ್ಕ ಹಾಕಿದರೆ ನಾನು ಸ್ಥಳೀಯ ಪುಟ ನೋಡಿಕೊಳ್ಳುತ್ತಿದ್ದ ಎರಡು ಮೂರು ವರ್ಷಗಳ ಒಳಗೆ ಬರುತ್ತಿತ್ತು. 'ಸಿಲುಕಿ' ಎಂಬ ಪದವನ್ನು ನಾನು ಎಷ್ಟು ಸಲ ಬರೆದಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ. ಯಂತ್ರಕ್ಕೆ ಸಿಲುಕಿ, ಲಾರಿಯಡಿ ಸಿಲುಕಿ, ವಿದ್ಯುತ್ ತಂತಿಗೆ ಸಿಲುಕಿ. ಅದು ಒಂದು ಕಾಲಂ ತಲೆಬರಹಕ್ಕೆ ಸರಿಯಾಗಿ ಕೂರುವ ಪದ. ಕೂರುವ ಎಂದು ಈಗ ಬರೆಯುವಾಗಲೂ ಅನುಮಾನವಾಗುತ್ತದೆ.

ಅಂದು ಒಂದು ಗಂಟೆ ಮುಂಚೆ ಕಚೇರಿಗೆ ಹೋದೆ. ಹಳೆಯ ಸಂಚಿಕೆಗಳನ್ನು ವರ್ಷವಾರು ಹೊಲಿದು ಇಟ್ಟಿದ್ದ ಕೋಣೆ ಇನ್ನೂ ಖಾಲಿಯಾಗಿರಲಿಲ್ಲ. ಆ ಮೂರು ವರ್ಷಗಳ ಸ್ಥಳೀಯ ಪುಟಗಳನ್ನು ನಾಲ್ಕು ದಿನ, ದಿನಕ್ಕೆ ಒಂದು ಗಂಟೆಯಂತೆ ತಿರುವಿದೆ. ಪೀಣ್ಯ, ಮಾಕಳಿ ಕಡೆಯ ಕಾರ್ಖಾನೆಗಳಲ್ಲಿ ಕೈಗೆ ಪೆಟ್ಟಾದ ಸುದ್ದಿಗಳು ಮೂರು ಸಿಕ್ಕವು. ಮೂರೂ ನಾಲ್ಕು ನಾಲ್ಕು ಸಾಲು. ಮೂರಕ್ಕೂ ತಲೆಬರಹ 'ಯಂತ್ರಕ್ಕೆ ಕೈ ಸಿಲುಕಿ ಕಾರ್ಮಿಕನಿಗೆ ಗಾಯ'. ಮೂರರಲ್ಲೂ ಕೊನೆಯ ಸಾಲು, ಪೊಲೀಸರು ಸ್ಥಳಕ್ಕೆ ಭೇಟಿ ನೀಡಿ ಪರಿಶೀಲಿಸಿದರು ಎಂದು. ಕಾರ್ಖಾನೆಯ ಹೆಸರು ಯಾವುದರಲ್ಲೂ ಇರಲಿಲ್ಲ, 'ಖಾಸಗಿ ಕಾರ್ಖಾನೆಯೊಂದರಲ್ಲಿ' ಎಂದಿತ್ತು. ಯಜಮಾನರ ಪ್ರೆಸ್ ಶಾಪಿನದು ಇವುಗಳಲ್ಲಿ ಯಾವುದು ಎಂದು ಹೇಳಲು ದಾರಿಯಿರಲಿಲ್ಲ. ಯಾವುದನ್ನು ನಾನು ತಿದ್ದಿದೆ, ಯಾವುದನ್ನು ಬೇರೆಯವರು ತಿದ್ದಿದರು ಎಂಬುದಕ್ಕೂ ದಾಖಲೆ ಇಲ್ಲ. ಒಂದನ್ನು ತೆಗೆದು ಇನ್ನೊಂದರ ಜಾಗದಲ್ಲಿ ಇಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನಮ್ಮ ಮುಖ್ಯ ಉಪಸಂಪಾದಕರು ಚಹಾ ಹಿಡಿದುಕೊಂಡು ಬಾಗಿಲಲ್ಲಿ ನಿಂತು, ಏನು ಹುಡುಕುತ್ತಿದ್ದೀರಿ ಎಂದು ಕೇಳಿದರು. ಹೇಳಿದೆ.

"ಮತ್ತೇನ್ ಬರೀಬೇಕಿತ್ರೀ?" ಎಂದರು. "ಗಾರ್ಡ್ ತೆಗೆದಿದ್ರು ಅಂತ ನಮಗೆ ಯಾರ್ ಹೇಳಿದ್ರು? ಪೊಲೀಸ್ರು ಹೇಳಲಿಲ್ಲ. ನಿರ್ಲಕ್ಷ್ಯ ಅಂತ ಹಾಕಿ ನೋಟಿಸ್ ಬಂದಿದ್ರೆ ಕೋರ್ಟಿಗೆ ಯಾರ್ ಹೋಗ್ತಿದ್ರು, ನೀವಾ ನಾನಾ? ನಾಲ್ಕು ಸಾಲು ಸರಿಯಾಗಿದೆ. ಒಂದಕ್ಷರ ತಪ್ಪಿಲ್ಲ ಅದರಲ್ಲಿ."

ಅವರು ಹೇಳಿದ್ದು ನಿಜ. ನನಗೆ ಕೆಲಸ ಕಲಿಸಿದವರೇ ಅವರು, ಸುಳ್ಳು ಹೇಳುವವರಲ್ಲ. ಗೊತ್ತಿಲ್ಲದ್ದನ್ನು ನಾವು ಬರೆಯಲಿಲ್ಲ. ಯಜಮಾನರು ಎರಡು ಸಲ ಬರೆದುಕೊಟ್ಟಿದ್ದ ಕಾಗದ ಆ ಕಾರ್ಖಾನೆಯ ಒಳಗೆ ಎಲ್ಲೋ ಇತ್ತು, ಅದು ಇದೆ ಎಂದು ನಮಗೆ ತಿಳಿಯುವ ಹಾಗಿರಲಿಲ್ಲ. ಆದರೆ ಮೃತನ ವಯಸ್ಸು ಕೇಳಲು ಫೋನ್ ಮಾಡುವ ನಾವು, ಕೈ ಹೇಗೆ ಸಿಲುಕಿತು ಎಂದು ಕೇಳಲು ಮಾಡುತ್ತಿರಲಿಲ್ಲ. 'ಸಿಲುಕಿ' ಎಂದ ಮೇಲೆ ಅಲ್ಲಿ ಖಾಲಿ ಜಾಗ ಇದೆ ಎಂದು ಅನ್ನಿಸುತ್ತಲೇ ಇರಲಿಲ್ಲ. ಇದನ್ನು ಅವರಿಗೆ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವರಿಗೆ ಫೋನ್ ಬಂತು. ಆಮೇಲೆ ನಾನೂ ಹೇಳಲಿಲ್ಲ. ಹೇಳಿದ್ದರೆ ಏನು ಹೇಳುತ್ತಿದ್ದೆ ಎಂಬುದೂ ಸ್ಪಷ್ಟವಿರಲಿಲ್ಲ.

ಫೆಬ್ರವರಿಯ ಅಭ್ಯಾಸ ಇದರಿಂದ ಇನ್ನಷ್ಟು ಕಲಸಿಹೋಯಿತು. ಪ್ರತಿ ಪದದ ಮುಂದೆಯೂ ಎರಡು ಪ್ರಶ್ನೆ ಏಳುತ್ತಿದ್ದವು. ಇದು ಮೆತ್ತಗಾಯಿತೇ ಎಂದು ಒಂದು, ಇದನ್ನು ಹೇಳಿದವರು ಯಾರು ಎಂದು ಇನ್ನೊಂದು. ಒಂದಕ್ಕೆ ಉತ್ತರ ಹೇಳಿದರೆ ಇನ್ನೊಂದು ಸುಮ್ಮನಿರುತ್ತಿರಲಿಲ್ಲ. ಯಜಮಾನರು ಮಾತ್ರ ನಿಶ್ಚಿಂತೆಯಿಂದ ಗೀಟು ಹಾಕುತ್ತಿದ್ದರು. ಅವರಿಗೆ ಬುಷ್ ಎಂದರೆ ಬುಷ್, ಪಿನ್ನು ಎಂದರೆ ಪಿನ್ನು. ಆ ಹಳೆಯ ಸುದ್ದಿಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಹುಡುಕಿದೆ, ಮೂರು ಸಿಕ್ಕವು, ಯಾವುದು ಎಂದು ಗೊತ್ತಾಗಲಿಲ್ಲ ಎಂದು ನಾನೇ ಹೇಳಿದೆ.

"ಎಂಗ್ ಗೊತ್ತಾಯ್ತದೆ, ಬುಡು," ಎಂದರು.

ಪರೀಕ್ಷೆ ಬೊಮ್ಮನಹಳ್ಳಿಯ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಮಾಕಳಿಯಿಂದ ಎರಡೂವರೆ ಗಂಟೆ ಹಿಡಿಯಿತು. ಕೆಳಗೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಪಾಳಿ ಬದಲಿಸುತ್ತಿದ್ದರು. ಬಾಗಿಲಲ್ಲಿ ಕೈಗಡಿಯಾರ, ಪೆನ್ನು, ಕೈಚೀಲ ಎಲ್ಲವನ್ನೂ ಇಸಿದುಕೊಂಡರು. ಚೀಲ ತಪಾಸಣೆ ಮಾಡಿದ ಹುಡುಗ ಪಿನ್ನನ್ನು ಹೊರತೆಗೆದು, "ಇದೇನು ಮೇಡಂ?" ಎಂದ. ಪಿನ್ನು ಎಂದೆ. ಅದನ್ನೂ ಒಂದು ಟ್ರೇಯಲ್ಲಿಟ್ಟು ಚೀಟಿ ಕೊಟ್ಟ.

ಬಿಟ್ಟ ಸ್ಥಳದ ಭಾಗದಲ್ಲಿ ಮೊದಲ ಇಪ್ಪತ್ತು ಸುಲಭವಾಗಿ ಹೋದವು. ಒಂದು ನೂಲು ಬಿಗಿ, ಹೆಚ್ಚಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಮೂವತ್ತರ ಆಸುಪಾಸಿನಲ್ಲಿ ಒಂದು ವಾಕ್ಯ ಬಂತು. ಸೇತುವೆ ಕುಸಿಯುವ ಮುಂಚೆ ಬಂದಿದ್ದ ಎಚ್ಚರಿಕೆಗಳ ಬಗ್ಗೆ ಮಂಡಳಿ ಏನಾಗಿತ್ತು ಎಂದು. ಒಂದು ಪದಕ್ಕೆ 'ಅರಿವಿಲ್ಲದೆ ಇತ್ತು' ಎಂಬ ಅರ್ಥ. ಇನ್ನೊಂದಕ್ಕೆ 'ಲೆಕ್ಕಿಸದೆ ಇತ್ತು' ಎಂದು. ಉಳಿದೆರಡು ಹೇಗೂ ಹೊಂದುತ್ತಿರಲಿಲ್ಲ. ಎಚ್ಚರಿಕೆಗಳು ಬಂದಿದ್ದವು ಎಂದು ವಾಕ್ಯದಲ್ಲಿತ್ತು. ಮಂಡಳಿಯ ಕೈಗೆ ಸೇರಿದ್ದವು ಎಂದು ಇರಲಿಲ್ಲ. ಲೆಕ್ಕಿಸದೆ ಎಂಬುದನ್ನು ಒತ್ತಿದೆ. ಅರಿವಿಲ್ಲದೆ ಎಂದು ಬದಲಿಸಿದೆ. ಖಾಲಿ ಬಿಟ್ಟು ಮುಂದೆ ಹೋಗೋಣ ಎಂದರೆ ಪರದೆ ಬಿಡಲಿಲ್ಲ, ಒಂದನ್ನು ಆರಿಸಿ ಎಂದು ಕೆಂಪಕ್ಷರದಲ್ಲಿ ಹೇಳಿತು. ಮತ್ತೆ ಬದಲಿಸಿದೆ. ಮೂಲೆಯಲ್ಲಿ ಉಳಿದಿದ್ದ ನಿಮಿಷಗಳು ಕಮ್ಮಿಯಾಗುತ್ತಿದ್ದವು. ಮತ್ತೆ ಬದಲಿಸಿದೆ ಎಂದು ನೆನಪು. ಅಥವಾ ಬದಲಿಸಬೇಕೆಂದುಕೊಂಡು ಮುಂದಿನದನ್ನು ಒತ್ತಿದೆನೋ. ಕೊನೆಗೆ ಅಲ್ಲಿ ಯಾವ ಪದ ಉಳಿಯಿತು ಎಂಬುದು ನನಗೆ ಗೊತ್ತಿಲ್ಲ. ಇಪ್ಪತ್ತೆರಡು ವರ್ಷ ಯಾರು ಯಾವ ಮಾತು ಆಡಿದರು ಎಂಬುದನ್ನು ಬರೆದಿಟ್ಟುಕೊಂಡವಳಿಗೆ ತಾನೇ ಕೊಟ್ಟ ಉತ್ತರ ಯಾವುದೆಂದು ಹೇಳಲು ಬರುವುದಿಲ್ಲ. ಬರೆದುಕೊಳ್ಳಲು ಪೆನ್ನೂ ಇರಲಿಲ್ಲ.

ಎಂಟು ದಿನಕ್ಕೆ ಫಲಿತಾಂಶ ಬಂತು. ಆ ಭಾಗದಲ್ಲಿ ಅರವತ್ತೆಂಟು. ನಲವತ್ತಕ್ಕೆ ಇಪ್ಪತ್ತೇಳು ಸರಿ ಎಂದು ನಾನು ಲೆಕ್ಕ ಮಾಡಿಕೊಂಡೆ. ಒಂದೇ ಒಂದು ಕಡಿಮೆ. ಯಾವುದು ತಪ್ಪಾಯಿತು ಎಂಬುದನ್ನು ಅವರು ತಿಳಿಸುವುದಿಲ್ಲ, ಕೇಳಲು ಅವಕಾಶವೂ ಇಲ್ಲ.

ಕಂಪನಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದೆ. ಕೆಲಸ ಹೋಯಿತು ಎಂದುಕೊಂಡು ಎರಡು ದಿನ ಅವರಿವರಿಗೆ ಫೋನ್ ಮಾಡಿದೆ. ಮೂರನೇ ದಿನ ಅದೇ ಹುಡುಗಿ ಕರೆ ಮಾಡಿ, ಉಳಿದ ಮೂರು ಭಾಗಗಳಲ್ಲಿ ಅಂಕ ಹೆಚ್ಚಿರುವುದರಿಂದ ಮೇಲಿನವರನ್ನು ಕೇಳಿ ಒಪ್ಪಿಗೆ ತೆಗೆದುಕೊಂಡಿದ್ದೇನೆ, ಮೂರು ತಿಂಗಳು ಕೆಲಸ ನೋಡಿ ಆಮೇಲೆ ಕಾಯಂ ಮಾಡುತ್ತಾರೆ ಎಂದಳು. ಸಂತೋಷವಾಯಿತು. ಆದರೆ ತೇರ್ಗಡೆಯಾದೆನೋ ಇಲ್ಲವೋ ಎಂದು ಯಾರಾದರೂ ಕೇಳಿದರೆ ಏನು ಹೇಳಬೇಕು ಎಂಬುದು ಹೊಳೆಯಲಿಲ್ಲ.

ಯಜಮಾನರಿಗೆ ಹೊಳೆಯಿತು. "ಡೀವಿಯೇಷನ್ ಮ್ಯಾಲೆ ಪಾಸು," ಎಂದರು. ಅಳತೆ ಒಂಚೂರು ತಪ್ಪಿದ್ದರೂ ಮಾಲು ಬೇಕೇ ಬೇಕು ಎಂದಾಗ ಮೇಲಧಿಕಾರಿ ಒಪ್ಪಿ ಸಹಿ ಹಾಕಿದರೆ ಹಾಗೆನ್ನುತ್ತಾರಂತೆ. "ತಪ್ಪೇನಿಲ್ಲ. ನಮ್ಮಲ್ಲಿ ಅರ್ಧ ಮಾಲು ಅಂಗೇ ಓಗಾದು."

"ಕೆಲ್ಸ ಸಿಕ್ತಲ್ಲ, ಸಾಕು ಬುಡಿ," ಎಂದರು ಅವರ ಹೆಂಡತಿ. ಅವರೆಯ ಕಾಲ ಮುಗಿದಿತ್ತು. ಅವರು ಸುಮ್ಮನೆ ಕೂತಿದ್ದರು.

ಯಜಮಾನರು ಹೊಸ ಹಾಳೆಯೊಂದನ್ನು ತೆಗೆದು ಪರೀಕ್ಷೆಯ ಅಂಕವನ್ನು ಬರೆದರು. ಪಾಸ್ ಎಂದು ಬರೆದು ಪಕ್ಕದಲ್ಲಿ ಡೀವಿಯೇಷನ್ ಎಂದು ಸೇರಿಸಿದರು. ಕಾರಣದ ಮನೆಗೆ ಬಂದು ಪೆನ್ನು ಎತ್ತಿ ಹಿಡಿದರು.

"ಆ ಕಮ್ಮಿ ಬಂದಿದ್ದು ಒಂದು. ಮೇಲ್ಕಾ ಕೆಳೀಕಾ?"

"ಗೊತ್ತಿಲ್ಲ ಯಜಮಾನ್ರೇ."

"ಅಂದಾಜು?"

"ಅಂದಾಜಿಗೂ ಗೊತ್ತಿಲ್ಲ."

"ಅದಿಲ್ದೆ ನಾನು ಸೈನ್ ಆಕಂಗಿಲ್ವಲ್ಲ," ಎಂದರು. ಹಾಳೆಯನ್ನು ಮಡಿಸಿ ಬಿಸ್ಕತ್ ಡಬ್ಬಿಯೊಳಗೆ, ಬುಷ್‌ಗಳ ಮೇಲೆ ಇಟ್ಟರು.

ಈಗ ನಾನು ಯಂತ್ರದ ಕನ್ನಡ ತಿದ್ದುತ್ತೇನೆ. ಮೂರು ತಿಂಗಳು ಕಳೆದು ಕೆಲಸ ಕಾಯಂ ಆಗಿದೆ. ನಾವು ಅದೇ ಮನೆಯಲ್ಲಿದ್ದೇವೆ. ಮೊನ್ನೆ ಒಂದು ಇಂಗ್ಲಿಷ್ ವಾಕ್ಯಕ್ಕೆ ಯಂತ್ರ 'ಯಂತ್ರಕ್ಕೆ ಕೈ ಸಿಲುಕಿ' ಎಂದು ಕೊಟ್ಟಿತ್ತು. ಅದು ಎಲ್ಲಿಂದ ಕಲಿತುಕೊಂಡಿತೋ. ಮೂಲದಲ್ಲಿ ಯಾರ ತಪ್ಪು ಎಂದು ಇರಲಿಲ್ಲ, ಅದಕ್ಕೆ ಹಾಗೇ ಬಿಟ್ಟೆ. ಸಂಜೆ ನೀರಿಗೆ ಕೆಳಗಿಳಿದಾಗ ಯಜಮಾನರು ಎಂದಿನಂತೆ, "ಗೊತ್ತಾಯ್ತಾ ಮೇಡಮ್ಮ, ಮೇಲ್ಕಾ ಕೆಳೀಕಾ?" ಎಂದು ಕೇಳಿದರು. ಇನ್ನೂ ಇಲ್ಲ ಎಂದೆ.